ನಂದಿ ಬೆಟ್ಟದಲ್ಲಿ ಜಾರಿದ ಚಕ್ರ

ಅಡುಗೆಮನೆಯ ತಕ್ಕಡಿ ಮೇಲೆ ಹಳೇ ಜೋಡಿ ಇಟ್ಟೆ. 118 ಗ್ರಾಂ. ಹೊಸ ಜೋಡಿ ಇಟ್ಟೆ. 46. ಅಮ್ಮ ಪಕ್ಕದಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು. "ಏನೇ ಅದು, ಸ್ವೆಟರ್ ಹೆಣೆಯೋ ಕಡ್ಡಿ ಥರ ಇದೆ" ಅಂದರು. ನಿಜ, ನೋಡೋಕೆ ಹಾಗೇ ಇತ್ತು. ರೋಡ್ ಬೈಕಿನ ಚಕ್ರವನ್ನು ಫ್ರೇಮಿಗೆ ಹಿಡಿದಿಡುವ ಕಡ್ಡಿ ಅದು. ಕ್ವಿಕ್ ರಿಲೀಸ್ ಸ್ಕ್ಯೂವರ್ ಅಂತ ಹೆಸರು. ಚಕ್ರದ ನಡುವಿನ ಹಬ್ ಒಳಗಿನ ಆಕ್ಸಲ್, ಅಂದರೆ ಅಚ್ಚು, ಟೊಳ್ಳಾಗಿರುತ್ತದೆ. ಅದರಲ್ಲಿ 5 ಮಿ.ಮೀ. ದಪ್ಪದ ಈ ಕಡ್ಡಿಯನ್ನು ತೂರಿಸಬೇಕು. ಒಂದು ತುದಿಗೆ ನಟ್ಟು, ಇನ್ನೊಂದು ತುದಿಗೆ ಲಿವರ್. ಲಿವರ್ ಮಡಚಿದರೆ ಚಕ್ರ ಬಿಗಿ, ತೆರೆದರೆ ಚಕ್ರ ಕೈಗೆ ಬರುತ್ತದೆ. ಸ್ಪ್ಯಾನರ್ ಬೇಕಾಗಿಲ್ಲ.

ಹೊಸದರ ಕಡ್ಡಿ ಟೈಟೇನಿಯಂ, ಲಿವರ್ ಮತ್ತು ನಟ್ಟು ಅಲ್ಯೂಮಿನಿಯಂ. 3,200 ರೂಪಾಯಿ ಕೊಟ್ಟಿದ್ದೆ. ನಂದಿ ಬೆಟ್ಟವನ್ನು 42 ನಿಮಿಷಕ್ಕೆ ಹತ್ತುತ್ತಿದ್ದೆ, 40ರ ಒಳಗೆ ಬರಬೇಕು ಅನ್ನೋದು ಆ ವರ್ಷದ ಆಸೆ. ನನ್ನ ಸೈಕಲ್ಲು ಹಳೇ ಉಕ್ಕಿನ ಫ್ರೇಮು, 1990ರ ಸುಮಾರಿನದ್ದು, ಕೈ ಬದಲಾಗಿ ನನ್ನ ಹತ್ತಿರ ಬಂದದ್ದು. ಅದರ ಸಣ್ಣ ಪೈಪುಗಳು, ಕ್ರೋಮ್ ಹೊಳಪು, ರಸ್ತೆ ಮೇಲೆ ಅದು ಮೆತ್ತಗೆ ಹೋಗುವ ರೀತಿ, ಇದನ್ನೆಲ್ಲ ಬಿಟ್ಟು ಕಾರ್ಬನ್ ಫ್ರೇಮಿಗೆ ಹೋಗೋ ಮನಸ್ಸಿಲ್ಲ. ಫ್ರೇಮಿನ ತೂಕ ಇಳಿಸೋಕೆ ಆಗಲ್ಲ ಅಲ್ವಾ, ಹಾಗಾಗಿ ಬಿಡಿಭಾಗಗಳಲ್ಲಿ ಇಳಿಸಲು ಹೊರಟಿದ್ದೆ.

ಭಾನುವಾರ ನಾಲ್ಕೂವರೆಗೆ ಯಲಹಂಕ ಬಿಟ್ಟೆವು, ನಾಲ್ಕು ಜನ. ದೇವನಹಳ್ಳಿ ದಾಟುವ ಹೊತ್ತಿಗೆ ಪೂರ್ವದಲ್ಲಿ ಸ್ವಲ್ಪ ಬೆಳಕು. ದ್ರಾಕ್ಷಿ ತೋಟಗಳ ಮೇಲೆ ಮಂಜು ಕೂತಿತ್ತು. ಬೆಟ್ಟದ ಬುಡದಲ್ಲಿ ನೀರು ಕುಡಿದು, ಗಡಿಯಾರ ಒತ್ತಿ ಹತ್ತೋಕೆ ಶುರು ಮಾಡಿದೆ. ಎಂಟು ಕಿಲೋಮೀಟರಿನ ಏರು, ಬೆಟ್ಟದ ತುದಿ 1,478 ಮೀಟರ್ ಎತ್ತರದಲ್ಲಿದೆ. ಮೊದಲರ್ಧ ಚೆನ್ನಾಗೇ ಹೋಯಿತು. ಉಸಿರು ಲಯಕ್ಕೆ ಬಂದಿತ್ತು, ಕಾಲು ಹಗುರವಾಗಿತ್ತು.

ಕೊನೆಯ ಎರಡು ಕಿಲೋಮೀಟರ್ ಕಡಿದು. ಅಲ್ಲೊಂದು ತಿರುವಿನಲ್ಲಿ ಸೀಟಿನಿಂದ ಎದ್ದು, ಮೈಭಾರವನ್ನೆಲ್ಲ ಬಲಗಾಲಿಗೆ ಹಾಕಿ ತುಳಿದೆ. ಹಿಂದಿನಿಂದ "ಟಕ್" ಅಂತ ಒಂದು ಸದ್ದು. ಮರುಕ್ಷಣ ಸೈಕಲ್ಲನ್ನು ಯಾರೋ ಹಿಡಿದು ಜಗ್ಗಿದ ಹಾಗಾಯಿತು. ಕಾಲು ಕೆಳಗಿಟ್ಟು ಬಗ್ಗಿ ನೋಡಿದೆ. ಹಿಂದಿನ ಚಕ್ರ ಓರೆಯಾಗಿ ಕೂತಿತ್ತು. ಬಲಗಡೆಯ ಆಕ್ಸಲ್ ತುದಿ ಮುಂದಕ್ಕೆ ಜಾರಿತ್ತು. ಟೈರು ಎಡಗಡೆಯ ಪೈಪಿಗೆ ತಾಗಿ, ಬಣ್ಣದ ಮೇಲೆ ಕಪ್ಪು ರಬ್ಬರ್ ಗೆರೆ ಬಿದ್ದಿತ್ತು. ಮೂವತ್ತು ವರ್ಷ ಕಾಪಾಡಿಕೊಂಡು ಬಂದ ಬಣ್ಣ ಅದು. ಹೊಟ್ಟೆ ಉರಿಯಿತು.

ಲಿವರ್ ತೆರೆದು, ಚಕ್ರ ನೆಟ್ಟಗೆ ಮಾಡಿ, ಬಿಗಿ ಮಾಡಿದೆ. ನೂರು ಅಡಿ ಹೋಗಿರಲಿಲ್ಲ, ಮತ್ತೆ ಅದೇ ಟಕ್.

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹಿರಿಯರು ಬಂದು ನಿಂತರು. ವಾರ ವಾರ ಬೆಟ್ಟದಲ್ಲಿ ಸಿಗುತ್ತಿದ್ದವರೇ, ಮಾತಾಡಿ ಗೊತ್ತಿರಲಿಲ್ಲ. ಎಚ್‌ಎಂಟಿಯ ಟೂಲ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು ಅಂತ ಆಮೇಲೆ ತಿಳಿಯಿತು. ಸೈಕಲ್ಲನ್ನು ಮೋರಿ ಕಟ್ಟೆಗೆ ಒರಗಿಸಿ, ಕನ್ನಡಕ ಹಾಕಿಕೊಂಡು, ಲಿವರ್ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

"ಇದು ಹೊರಗಿನ ಕ್ಯಾಮ್ ಅಮ್ಮ. ಈ ಪ್ಲಾಸ್ಟಿಕ್ ನೋಡು."

ನೋಡಿದೆ. ಕ್ಯಾಮ್ ಅಂದರೆ ಲಿವರ್ ಮಡಚಿದಾಗ ಕಡ್ಡಿಯನ್ನು ಎಳೆದು ಬಿಗಿ ಮಾಡುವ, ನಡು ತಪ್ಪಿದ ದುಂಡು ತುಂಡು. ನನ್ನದರಲ್ಲಿ ಲಿವರಿನ ದುಂಡು ತಲೆಯೇ ಅದು, ಒಂದು ಬಾಗಿದ ಪ್ಲಾಸ್ಟಿಕ್ ತುಂಡಿನ ಮೇಲೆ ಉಜ್ಜಿಕೊಂಡು ತಿರುಗುತ್ತಿತ್ತು. ಎಲ್ಲ ಬಯಲಲ್ಲೇ, ಧೂಳು ಮಣ್ಣು ಸೀದಾ ಅದರ ಮೇಲೆ. "ನೀನು ಲಿವರಿಗೆ ಕೊಡೋ ಶಕ್ತೀಲಿ ಜಾಸ್ತಿ ಪಾಲು ಇಲ್ಲೇ ಉಜ್ಜಿ ಹೋಗುತ್ತೆ. ಕೈಗೆ ಬಿಗಿ ಅನ್ಸುತ್ತೆ, ಆದ್ರೆ ಚಕ್ರಕ್ಕೆ ಬಿಗಿ ತಲುಪಲ್ಲ." ಆಮೇಲೆ ತಮ್ಮ ಸೈಕಲ್ಲಿನದ್ದು ತೋರಿಸಿದರು. ಹಳೇ ಥರದ್ದು, ಒಳಗಿನ ಕ್ಯಾಮ್. ಉಕ್ಕಿನ ಕ್ಯಾಮು ಮುಚ್ಚಿದ ತಲೆಯೊಳಗೆ ಗ್ರೀಸಿನಲ್ಲಿ ಕೂತಿರುತ್ತದೆ. ಉಜ್ಜಾಟ ಕಡಿಮೆ, ಹಾಗಾಗಿ ಅಷ್ಟೇ ಕೈಬಲಕ್ಕೆ ಹಿಡಿತ ಎಷ್ಟೋ ಜಾಸ್ತಿ.

ಅವರು ಬೆರಳಿಟ್ಟು ತೋರಿಸಿದ ಇನ್ನೊಂದು ಜಾಗ ನಟ್ಟಿನ ಮುಖ. ನನ್ನದು ಅಲ್ಯೂಮಿನಿಯಂ, ಹೆಸರಿಗಷ್ಟೇ ಗೀರುಗಳು. ನನ್ನ ಫ್ರೇಮಿನಲ್ಲಿ ಆಕ್ಸಲ್ ಕೂರುವ ಬಾಯಿ, ಡ್ರಾಪ್‌ಔಟ್ ಅಂತೀವಲ್ಲ, ಅದು ಉಕ್ಕು, ಮೇಲೆ ಕ್ರೋಮ್. ಕನ್ನಡಿ ಥರ ನುಣುಪು. ಅಲ್ಯೂಮಿನಿಯಂ ಹಲ್ಲು ಅದರಲ್ಲಿ ಇಳಿಯೋದೇ ಇಲ್ಲ. ಇಂಥ ಕಡೆ ಉಕ್ಕಿನ ಚೂಪು ಹಲ್ಲೇ ಬೇಕು. ಅದಕ್ಕಿಂತ ಮುಖ್ಯ, ಆ ಬಾಯಿ ಅಡ್ಡಡ್ಡ ಇದೆ, ಮುಂದಕ್ಕೆ ತೆರೆದುಕೊಂಡಿದೆ. ಈಗಿನ ಫ್ರೇಮುಗಳಲ್ಲಿ ಅದು ಕೆಳಮುಖ. ಚೈನ್ ಎಷ್ಟೇ ಎಳೆದರೂ ಆಕ್ಸಲ್ಲಿಗೆ ಮುಂದೆ ಹೋಗೋಕೆ ದಾರಿ ಇರಲ್ಲ, ಲೋಹವೇ ತಡೆಯುತ್ತದೆ. ನನ್ನದರಲ್ಲಿ ತಡೆಯೋಕೆ ಇರೋದು ಕಡ್ಡಿಯ ಹಿಡಿತ ಮಾತ್ರ. ಸಣ್ಣ ಗೇರಿನಲ್ಲಿ ನಿಂತು ತುಳಿದಾಗ ಚೈನ್ ಎಳೆತ ನಮ್ಮ ಮೈಭಾರಕ್ಕಿಂತ ಜಾಸ್ತಿ. ಆ ಎಳೆತ ಬೀಳೋದು ಬಲತುದಿಗೆ. ಹಾಗಾಗಿ ಬಲ ಮುಂದಕ್ಕೆ ಬಂತು, ಟೈರು ಎಡಕ್ಕೆ ತಾಗಿತು.

ಸರ್ ನಟ್ಟನ್ನು ಅರ್ಧ ಸುತ್ತು ಬಿಗಿ ಮಾಡಿ ನನ್ನ ಕೈಗೆ ಕೊಟ್ಟರು. "ಲಿವರು ನೆಟ್ಟಗೆ ಹೊರಗೆ ಚಾಚಿದಾಗ್ಲೇ ಬಿಗಿ ಹತ್ತಬೇಕು. ಅಲ್ಲಿಂದ ಅಂಗೈಯಲ್ಲಿ ಒತ್ತು. ಗುರುತು ಬೀಳಬೇಕು." ಒತ್ತಿದೆ. ಅಂಗೈಯಲ್ಲಿ ಲಿವರಿನ ಉದ್ದಕ್ಕೂ ಬಿಳೀ ಗೆರೆ ಮೂಡಿ ನಿಧಾನಕ್ಕೆ ಕೆಂಪಾಯಿತು. ಇಷ್ಟು ವರ್ಷ ನಾನು ಲಿವರನ್ನು ಬೆರಳಲ್ಲೇ ಮಡಚುತ್ತಿದ್ದೆ. ಹಳೇ ಉಕ್ಕಿನ ಜೋಡಿ ಅದನ್ನೂ ಸಹಿಸಿಕೊಂಡಿತ್ತು ಅಂತ ಅವತ್ತು ಗೊತ್ತಾಯಿತು.

ತುದಿಯವರೆಗೆ ಕೂತೇ ತುಳಿದೆ. ಗಡಿಯಾರ ಆಗಲೇ ನಿಲ್ಲಿಸಿದ್ದೆ.

ಇಳಿಯುವಾಗ ಚೈನ್ ಎಳೆಯಲ್ಲ, ಹಿಂದಿನ ಚಕ್ರದ ಭಯ ಕಡಿಮೆ. ನನ್ನ ಜೀವ ಹೋದದ್ದು ಮುಂದಿನದ್ದಕ್ಕೆ. ಮುಂದಿನ ಚಕ್ರ ಹಿಡಿಯುವ ಕವಲು ಫೋರ್ಕು. ಈಗಿನ ಫೋರ್ಕುಗಳಲ್ಲಿ ತುದಿಗೆ ಸಣ್ಣ ಅಂಚು ಇರುತ್ತದೆ, ಲಿವರ್ ಸಡಿಲಾದರೂ ಚಕ್ರ ಥಟ್ಟನೆ ಕಳಚಿಕೊಳ್ಳಲ್ಲ. ನನ್ನ ಹಳೇ ಫೋರ್ಕಿನಲ್ಲಿ ಆ ಅಂಚೂ ಇಲ್ಲ. ಅಲ್ಲೂ ಅದೇ 46 ಗ್ರಾಂ ಜೋಡಿಯ ಕಡ್ಡಿ. ಪ್ರತಿ ತಿರುವಿಗೂ ಮುಂಚೆ ಬಗ್ಗಿ ಬಗ್ಗಿ ನೋಡಿಕೊಂಡೇ ಇಳಿದೆ. ಎರಡು ಸಲ ನಿಂತು ಮುಂದಿನ ಚಕ್ರ ಎತ್ತಿ, ಟೈರಿಗೆ ಮೇಲಿನಿಂದ ಅಂಗೈಲಿ ಗುದ್ದಿ ಪರೀಕ್ಷೆ ಮಾಡಿದೆ.

ಕೆಳಗೆ ಇಡ್ಲಿ ತಿನ್ನುವಾಗ ಸರ್ ಒಂದು ಕಥೆ ಹೇಳಿದರು. 1927ರ ನವೆಂಬರ್, ಇಟಲಿಯ ಕ್ರೋಚೆ ದಾವ್ನೆ ಅನ್ನೋ ಘಾಟಿ, ರೇಸಿನ ನಡುವೆ ಹಿಮ. ಆಗ ಗೇರು ಬದಲಿಸಬೇಕು ಅಂದರೆ ಹಿಂದಿನ ಚಕ್ರ ಬಿಚ್ಚಿ ತಿರುಗಿಸಿ ಹಾಕಬೇಕಿತ್ತು. ತುಲ್ಲಿಯೊ ಕಂಪಾನ್ಯೊಲೊ ಎಂಬ ಹುಡುಗನ ಬೆರಳು ಚಳಿಗೆ ಮರಗಟ್ಟಿ ಚಿಟ್ಟೆ ನಟ್ಟು ಬಿಚ್ಚಲಾಗಲಿಲ್ಲವಂತೆ. ಆ ಸಂಕಟದಿಂದಲೇ ಈ ಲಿವರ್ ಹುಟ್ಟಿತು ಅಂತ ಸೈಕಲ್ ಲೋಕದಲ್ಲಿ ಎಲ್ಲರೂ ಹೇಳುತ್ತಾರೆ. ಅವನು 1933ರಲ್ಲಿ ವಿಚೆಂಜಾದಲ್ಲಿ ಕಟ್ಟಿದ ಕಂಪನಿ ಇವತ್ತಿಗೂ ಇದೆ. "ಒಳಗಿನ ಕ್ಯಾಮು ಅಷ್ಟು ಹಳೇದು, ಇನ್ನೂ ಅದಕ್ಕಿಂತ ಚೆನ್ನಾಗಿ ಹಿಡಿಯೋದು ಬಂದಿಲ್ಲ" ಅಂತ ಸರ್ ಚಟ್ನಿ ಬಟ್ಟಲು ಮುಂದಕ್ಕೆ ತಳ್ಳಿದರು.

ಮನೆಗೆ ಬಂದು ಲೆಕ್ಕ ಹಾಕಿದೆ. ನಾನು 58 ಕಿಲೋ. ಸೈಕಲ್ಲು, ನೀರು, ಬೂಟು ಎಲ್ಲ ಸೇರಿ 70. ಉಳಿಸಿದ್ದು 72 ಗ್ರಾಂ, ಅಂದರೆ ಸಾವಿರಕ್ಕೆ ಒಂದು ಪಾಲು. 42 ನಿಮಿಷದ ಏರಿನಲ್ಲಿ ಎರಡೂವರೆ ಸೆಕೆಂಡು. ಬುಡದಲ್ಲಿ ಎರಡು ಗುಟುಕು ನೀರು ಕುಡಿದು ಹೊರಟರೆ ಬಾಟಲಿಯಿಂದ ಅಷ್ಟೇ ತೂಕ ಇಳಿಯುತ್ತದೆ, ಅದು ನನ್ನ ಹೊಟ್ಟೆಗೆ ಹೋಗುತ್ತದೆ ಅನ್ನೋದು ಬೇರೆ ಮಾತು. ಚಕ್ರದ ತೂಕ ಇಳಿದರೆ ಸೈಕಲ್ಲು ಚುರುಕಾಗುತ್ತೆ ಅನ್ನೋ ಮಾತಿದೆಯಲ್ಲ, ಅದು ರಿಮ್ಮು ಟೈರುಗಳಿಗೆ. ಈ ಕಡ್ಡಿ ಚಕ್ರದ ನಟ್ಟ ನಡುವೆ ಸುಮ್ನೆ ಕೂತಿರುತ್ತದೆ, ತಿರುಗೋದೇ ಇಲ್ಲ.

ಆದರೆ ನನಗೆ ಹೆಚ್ಚು ಕೊರೆದದ್ದು ಇನ್ನೊಂದು ಲೆಕ್ಕ. ಹಿಂದಿನ ಕಡ್ಡಿಯನ್ನಷ್ಟೇ ಉಕ್ಕಿನಿಂದ ಟೈಟೇನಿಯಂಗೆ ಬದಲಿಸಿದರೆ ಎಷ್ಟು ಉಳಿಯುತ್ತದೆ? ಉಕ್ಕಿನದ್ದು 24 ಗ್ರಾಂ ಬರುತ್ತದೆ, ಟೈಟೇನಿಯಂದು 14. ಹತ್ತೇ ಗ್ರಾಂ. ಹಾಗಾದರೆ ಉಳಿದ ತೂಕ ಎಲ್ಲಿಂದ ಹೋಯಿತು? ಕ್ಯಾಮಿನಿಂದ, ನಟ್ಟಿನಿಂದ. ಚಕ್ರ ಹಿಡಿಯುವ ಭಾಗಗಳನ್ನೇ ಕೆರೆದು ಹಗುರ ಮಾಡಿದ್ದರು. ಟೈಟೇನಿಯಂ ಅನ್ನೋ ಪದ ನೋಡಿ ನಾನು ಕಡ್ಡಿಯನ್ನಷ್ಟೇ ನೋಡಿದ್ದೆ. ಅದೂ ಕೂಡ ಒಂದೇ ಎಳೆತಕ್ಕೆ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ.

ಆಮೇಲೆ ಅಂಗಡಿಗೆ ಹೋದಾಗ ತೂಕ ಕೇಳಲಿಲ್ಲ. ಲಿವರ್ ತೆರೆದು ಕ್ಯಾಮ್ ಒಳಗಿದೆಯಾ ನೋಡಿದೆ. ನಟ್ಟಿನ ಹಲ್ಲು ಉಕ್ಕಿನದ್ದಾ, ಉಗುರಿಗೆ ಚೂಪಾಗಿ ತಡೆಯುತ್ತಾ ನೋಡಿದೆ. ಎರಡು ಡ್ರಾಪ್‌ಔಟುಗಳ ನಡುವಿನ ಅಳತೆ ಹೇಳಿದೆ, ಮುಂದೆ 100, ಹಿಂದೆ 130 ಮಿ.ಮೀ. ಡಿಸ್ಕ್ ಬ್ರೇಕಿನ ಕ್ವಿಕ್ ರಿಲೀಸ್ ಸೈಕಲ್ಲುಗಳಲ್ಲಿ ಹಿಂದಿನದು ಸಾಮಾನ್ಯವಾಗಿ 135, ಅದಕ್ಕೆ ಕಡ್ಡಿಯೂ ಉದ್ದ ಬೇಕು. ಅಂಥ ಸೈಕಲ್ಲಿಗೆ ಹಗುರ ಕಡ್ಡಿ ಯಾರು ಕೇಳಿದರೂ ನಾನು ಬೇಡ ಅಂತೀನಿ. ಬ್ರೇಕ್ ಹಿಡಿದಾಗ ಡಿಸ್ಕು ಮುಂದಿನ ಚಕ್ರವನ್ನು ಫೋರ್ಕಿನ ಬಾಯಿಂದ ಹೊರಕ್ಕೆ ತಳ್ಳುತ್ತದೆ. ಈಗಿನ ಡಿಸ್ಕ್ ರೋಡ್ ಬೈಕುಗಳು 12 ಮಿ.ಮೀ. ದಪ್ಪದ ಥ್ರೂ ಆಕ್ಸಲ್‌ಗೆ, ಅಂದರೆ ಮುಚ್ಚಿದ ತೂತಿನಲ್ಲಿ ತೂರಿಸಿ ತಿರುಪಿ ಬಿಗಿ ಮಾಡುವ ಅಚ್ಚಿಗೆ, ಹೋಗಿರುವುದು ಒಳ್ಳೇದೇ ಆಯಿತು. ರಿಮ್ ಬ್ರೇಕು, ಕೆಳಮುಖದ ಡ್ರಾಪ್‌ಔಟು, ಅಂಚಿರುವ ಫೋರ್ಕು, ಈ ಮೂರೂ ಇದ್ದವರು ಹಗುರದ್ದು ಹಾಕಿಕೊಂಡರೆ ನನ್ನ ತಕರಾರಿಲ್ಲ. ಅಂಗೈ ಬಲ ಹಾಕಿ ಮುಚ್ಚಬೇಕು, ಪ್ಲಾಸ್ಟಿಕ್ ತುಂಡನ್ನು ಒರೆಸಿ ಒಂದು ಹನಿ ಎಣ್ಣೆ ಬಿಡುತ್ತಿರಬೇಕು, ಅಷ್ಟೇ.

ಹೊಸ ಉಕ್ಕಿನ ಜೋಡಿ ತಕ್ಕಡಿಯಲ್ಲಿ 124 ಗ್ರಾಂ. ಹಳೇದಕ್ಕಿಂತಲೂ ಆರು ಗ್ರಾಂ ಜಾಸ್ತಿ. ಮೊದಲ ಸಲ ಬಿಗಿ ಮಾಡಿ ಬಿಚ್ಚಿದಾಗ ಕ್ರೋಮ್ ಮೇಲೆ ಹಲ್ಲುಗಳ ಗುರುತು ಉಂಗುರದ ಹಾಗೆ ಬಿದ್ದಿತ್ತು, ಸಣ್ಣ ಸಣ್ಣ ಚುಕ್ಕಿ. ಹೊಳಪು ಹೋಯಿತಲ್ಲ ಅಂತ ಒಂದು ಕ್ಷಣ ಅನಿಸಿತು. ಬೆರಳಾಡಿಸಿ ನೋಡಿದೆ, ಚರ್ಮಕ್ಕೆ ತಡೆಯುವಷ್ಟು ಆಳ.

ಮೂರು ವಾರ ಬಿಟ್ಟು ಮತ್ತೆ ಬೆಟ್ಟ. ಅದೇ ತಿರುವಿನಲ್ಲಿ ಎದ್ದು ನಿಂತು ಬಲಗಾಲು ಒತ್ತಿದೆ. ಕಿವಿ ಪೂರ್ತಿ ಹಿಂದಕ್ಕೇ ಇತ್ತು. ಚೈನ್ ಸದ್ದು ಬಿಟ್ಟರೆ ಏನೂ ಇಲ್ಲ. 41 ನಿಮಿಷ ಚಿಲ್ಲರೆ ಆಯಿತು. ಮೇಲೆ ಸರ್ ಸಿಕ್ಕರು. ಎಷ್ಟು ನಿಮಿಷ ಅಂತ ಕೇಳಲಿಲ್ಲ. ಬಗ್ಗಿ ನನ್ನ ಹಿಂದಿನ ಲಿವರ್ ತೆರೆದು, ಒತ್ತಿ ಮುಚ್ಚಿ, ತಮ್ಮ ಅಂಗೈಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು.