‘ನಿಮ್ಮ ಮೂಲ ಎಲ್ಲಿ?’ ಎಂದು ಕೇಳುವವರಿಗೆ

ನಮ್ಮ ಮಂಡ್ಯದ ಕಡೆ ಯಾರದಾದರೂ ಹೊಸದಾಗಿ ಪರಿಚಯವಾದರೆ, ಹೆಸರು ಕೇಳಿದ ಮೇಲೆ ಬರುವ ಎರಡನೆಯ ಮಾತು ‘ಯಾವೂರಾಯ್ತು?’ ಎಂಬುದು. ನಾನು ಪಾಂಡವಪುರ ತಾಲ್ಲೂಕಿನ ನಮ್ಮ ಹಳ್ಳಿಯ ಹೆಸರು ಹೇಳುತ್ತೇನೆ. ಮಾತು ಅಲ್ಲಿಗೆ ನಿಲ್ಲುವುದಿಲ್ಲ. ‘ಅದು ಸರಿ, ನಿಮ್ಮ ಮೂಲ ಎಲ್ಲಿ?’ ಎಂದು ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವರೂ ಮೈಸೂರಿನ ಬಸ್ಸಿನಲ್ಲಿ ಜೊತೆಗೆ ಸಿಕ್ಕವರೂ ಕೇಳಿಯೇ ಕೇಳುತ್ತಾರೆ. ಕೆಲವರಿಗೆ ಊರಿಗಿಂತ ಜಾತಿ ತಿಳಿಯುವ ಆಸೆ ಇರುತ್ತದೆ ಎಂಬುದು ನನಗೆ ಗೊತ್ತು. ಅಂಥವರಿಗೆ ನನ್ನಲ್ಲಿ ಉತ್ತರವಿಲ್ಲ. ನಿಜವಾಗಿ ಊರನ್ನೇ ಕೇಳುವವರಿಗೆ ಹೇಳುತ್ತೇನೆ: ನಮ್ಮ ಮೂಲ ಹಳೆಯ ಕನ್ನಂಬಾಡಿ. ಅದು ಈಗ ಕೃಷ್ಣರಾಜಸಾಗರದ ನೀರಿನ ತಳದಲ್ಲಿದೆ.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1911ರಲ್ಲಿ, ಕಾವೇರಿಗೆ ಅಡ್ಡಲಾಗಿ ಕಟ್ಟೆಯ ಕೆಲಸ ಶುರುವಾಯಿತು. ಅದು ಮುಗಿಯಲು ಎರಡು ದಶಕಗಳು ಹಿಡಿದವು. ಆ ವರ್ಷಗಳಲ್ಲಿ ಊರು, ಗದ್ದೆ, ತೋಪು, ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ಗುಡಿ ಎಲ್ಲವೂ ನೀರಿನ ಪಾಲಾದವು. ಬೇಸಿಗೆಯಲ್ಲಿ ಜಲಾಶಯ ತೀರಾ ಬತ್ತಿದಾಗ ಆ ಗುಡಿ ಕಾಣಿಸುತ್ತಿತ್ತು. ನಮ್ಮ ತಾತ ಸುದ್ದಿ ಕೇಳಿದ ಕೂಡಲೇ ಹೊರಟುಬಿಡುತ್ತಿದ್ದರು. ಈಗ ಆ ಕಲ್ಲುಗಳನ್ನೇ ತಂದು ಹಿನ್ನೀರಿನ ದಡದ ಹೊಸ ಕನ್ನಂಬಾಡಿಯಲ್ಲಿ ಗುಡಿಯನ್ನು ಮತ್ತೆ ಕಟ್ಟಿದ್ದಾರೆ. ಅಣೆಕಟ್ಟೆಗೆ ಮಹಾರಾಜರ ಹೆಸರಿದ್ದರೂ ನಮ್ಮ ಜನ ಇಂದಿಗೂ ಅದನ್ನು ‘ಕನ್ನಂಬಾಡಿ ಕಟ್ಟೆ’ ಎಂದೇ ಕರೆಯುತ್ತಾರೆ. ಮುಳುಗಿದ ಊರಿನ ಹೆಸರನ್ನು ಅದನ್ನು ಮುಳುಗಿಸಿದ ಕಟ್ಟೆಗೇ ಇಟ್ಟು ಉಳಿಸಿಕೊಂಡ ಈ ಸೀಮೆಯ ಜನರ ಮೇಲೆ ನನಗಿರುವ ಗೌರವ ಸಣ್ಣದಲ್ಲ.

ಊರು ಬಿಡುವಾಗ ನಮ್ಮ ಮುತ್ತಾತ ಎರಡು ಗಾಡಿ ಸಾಮಾನು ತಂದರಂತೆ. ಅದರಲ್ಲಿ ಇಂದಿಗೂ ಉಳಿದಿರುವುದು ಒಂದು ಒರಳುಕಲ್ಲು ಮತ್ತು ತಲೆಬಾಗಿಲಿನ ಬಾಗಿಲುವಾಡ. ಗೋಡೆಯನ್ನು ಕೆಡವಿ, ಚೌಕಟ್ಟನ್ನು ಬಿಡಿಸಿ, ಹುಲ್ಲು ಹಾಸಿದ ಗಾಡಿಯ ಮೇಲೆ ಮಲಗಿಸಿ ತಂದಿದ್ದರು. ಹೊಸ ಊರಿನಲ್ಲಿ ಎತ್ತರದ ಗೋಡೆ ಕಟ್ಟುವಷ್ಟು ಶಕ್ತಿ ಇರಲಿಲ್ಲವಾದ್ದರಿಂದ ಎರಡೂ ನಿಲುವುಗಳ ಬುಡವನ್ನು ಒಂದೊಂದು ಗೇಣು ಕೊಯ್ದು ಗಿಡ್ಡ ಮಾಡಿದರು. ನಿಲುವುಗಳ ಮೇಲಿನ ಬಳ್ಳಿಯ ಕೆತ್ತನೆ ಬುಡದಿಂದ ಮೇಲೇಳದೆ, ನಡುವೆ ಕತ್ತರಿಸಿದ ಎಲೆಯೊಂದರಿಂದ ಆರಂಭವಾಗುತ್ತದೆ. ಚಿಕ್ಕಂದಿನಲ್ಲಿ ನಾನು ಆ ಅರ್ಧ ಎಲೆಯ ಮೇಲೆ ಬೆರಳಾಡಿಸುತ್ತಾ ಕೂರುತ್ತಿದ್ದೆ. ‘ಮಿಕ್ಕ ಅರ್ಧ ಎಲ್ಲಿ ತಾತ?’ ಎಂದು ಕೇಳಿದ್ದಕ್ಕೆ ಅವರು ‘ಅಡುಗೆ ಒಲೆಗೆ ಹೋಯ್ತು ಕಣ್ಲಾ ಮಗ’ ಎಂದಿದ್ದರು.

ಬಂದು ನೆಲೆಸಿದ ಜಾಗ ಒಣಬೇಸಾಯದ ನೆಲ. ಹೊಳೆದಂಡೆಯ ಗದ್ದೆಯಲ್ಲಿ ಬತ್ತ ಬೆಳೆದವರು ಇಲ್ಲಿ ರಾಗಿ, ಹುರುಳಿ, ಎಳ್ಳು ಬಿತ್ತಿ ಮಳೆಯ ದಾರಿ ಕಾದರು. ಆಮೇಲೆ, 1930ರ ದಶಕದಲ್ಲಿ, ನಾಲೆ ಬಂತು. ಈಗ ಅದು ವಿಶ್ವೇಶ್ವರಯ್ಯ ನಾಲೆ. ತಾತ ಕೊನೆಯವರೆಗೂ ಹಳೆಯ ರೂಢಿಯಂತೆ ಇರ್ವಿನ್ ನಾಲೆ ಎಂದೇ ಹೇಳುತ್ತಿದ್ದರು. ತೂಬಿನಿಂದ ನೀರು ಮೊದಲ ಸಲ ಹೊಲಕ್ಕೆ ಇಳಿದ ದಿನ ಮುತ್ತಾತ ಬೊಗಸೆಯಲ್ಲಿ ನೀರು ತುಂಬಿಕೊಂಡು ‘ನಮ್ಮೂರ ನೀರು’ ಎಂದರಂತೆ. ನನಗೆ ಈ ಮಾತು ಹೇಳುವಾಗಲೆಲ್ಲ ತಾತನ ಗಂಟಲು ಕಟ್ಟುತ್ತಿತ್ತು. ಅವರ ಮನೆಯನ್ನೂ ಗದ್ದೆಯನ್ನೂ ಮುಳುಗಿಸಿದ ನೀರೇ ಅವರ ಬರಡು ಹೊಲವನ್ನು ಹುಡುಕಿಕೊಂಡು ಬಂದಿತ್ತು. ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಈ ಬಯಲು ಹೇಗೆ ಕಬ್ಬಿನ ಸೀಮೆಯಾಯಿತು ಎಂಬುದನ್ನು ಇಲ್ಲಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕೆಲವರು ಪಟ್ಟು ಬಿಡದೆ, ‘ಹಾಗಾದರೆ ನೀವು ಮೂಲ ಮಂಡ್ಯದವರಲ್ಲವೇ?’ ಎನ್ನುತ್ತಾರೆ. ಮಂಡ್ಯ ಜಿಲ್ಲೆ ರಚನೆಯಾದದ್ದು 1939ರಲ್ಲಿ. ಅದಕ್ಕೂ ಮೊದಲು ಇದು ಮೈಸೂರು ಜಿಲ್ಲೆಯ ಭಾಗವಾಗಿತ್ತು. ಅಂದರೆ ಜಿಲ್ಲೆಗಿಂತ ನಮ್ಮ ತಾತನೇ ಹಿರಿಯರು. ಅವರು ಹುಟ್ಟಿದ್ದು ಮೈಸೂರು ಸಂಸ್ಥಾನದ ಪ್ರಜೆಯಾಗಿ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಅಪ್ಪ ಊರಿನ ಶಾಲೆಯಲ್ಲಿ ಓದುತ್ತಿದ್ದರು. ನಾನು ಹುಟ್ಟಿದ್ದು 1974ರಲ್ಲಿ, ರಾಜ್ಯಕ್ಕೆ ಕರ್ನಾಟಕ ಎಂದು ನಾಮಕರಣವಾದ ಮರುವರ್ಷ. ಮೂರು ತಲೆಮಾರಿಗೆ ನಾಡಿನ ಹೆಸರೂ ಎಲ್ಲೆಯೂ ಬದಲಾಗುತ್ತಾ ಬಂದವು. ಮನೆಯಲ್ಲಿ ಆಡುವ ಮಾತು, ನಡೆದುಕೊಳ್ಳುವ ದೇವರು ಬದಲಾಗಲಿಲ್ಲ. ನಮ್ಮ ಮನೆದೇವರು ಮೇಲುಕೋಟೆಯ ಚೆಲುವರಾಯಸ್ವಾಮಿ. ಪ್ರತಿ ತಲೆಮಾರಿನಲ್ಲೂ ಒಬ್ಬರಿಗೆ ಚೆಲುವನ ಹೆಸರಿರುತ್ತದೆ, ವೈರಮುಡಿ ಉತ್ಸವಕ್ಕೆ ಮನೆಗೊಬ್ಬರಾದರೂ ಬೆಟ್ಟ ಹತ್ತುತ್ತೇವೆ.

ಆ ಮೇಲುಕೋಟೆಯಲ್ಲೇ 1905ರಲ್ಲಿ ಹುಟ್ಟಿದವರು ಪು.ತಿ. ನರಸಿಂಹಾಚಾರ್. ಅವರ ಮನೆಮಾತು ತಮಿಳು. ಅವರು ಕವಿಯಾಗಿ ಬೆಳೆದದ್ದು ಕನ್ನಡದಲ್ಲಿ, ಕನ್ನಡ ಅವರಿಂದ ಬೆಳೆಯಿತು. ಅವರನ್ನು ‘ಮೂಲ ಎಲ್ಲಿ’ ಎಂದು ಕೇಳಿ ಹೊರಗೆ ನಿಲ್ಲಿಸುವ ಕನ್ನಡಿಗತನ ನನಗೆ ಬೇಡ. ನೆಲವನ್ನು ಎಷ್ಟು ತಲೆಮಾರಿನಿಂದ ಹಿಡಿದುಕೊಂಡಿದ್ದೇವೆ ಎಂಬ ಲೆಕ್ಕಕ್ಕಿಂತ, ಅದಕ್ಕೆ ಏನು ಕೊಟ್ಟೆವು ಎಂಬ ಲೆಕ್ಕ ನನಗೆ ದೊಡ್ಡದು. ನಮ್ಮವರು ಒಂದು ಊರನ್ನೇ ಕೊಟ್ಟರು. ಈ ನಾಡಿನವನು ಎಂದು ಹೇಳಿಕೊಳ್ಳುವಾಗ ನನ್ನ ಎದೆ ತುಂಬುವುದು ಅದಕ್ಕಾಗಿ.

ಓದುವ ಕಾಲದಲ್ಲಿ ಹಾಸ್ಟೆಲಿನ ಗೆಳೆಯರು ನನ್ನ ‘ಬತ್ತೀನಿ’, ‘ಓಯ್ತೀನಿ’ಗಳನ್ನು ಆಡಿಕೊಂಡು ನಕ್ಕಿದ್ದರು, ನಾನು ಕೆಲವು ತಿಂಗಳು ಬಾಯಿ ಬಿಡಲು ಹಿಂಜರಿದಿದ್ದೆ. ಆ ಹಿಂಜರಿಕೆಯನ್ನು ನೆನೆದರೆ ಈಗ ನೋವಾಗುತ್ತದೆ, ಏಕೆಂದರೆ ನಾನು ಆಡಲು ಹಿಂಜರಿದದ್ದು ಮುತ್ತಾತ ಗಾಡಿಯಲ್ಲಿ ಹೇರದೆಯೇ ತಂದ ಮಾತು.

ನಮ್ಮ ಹಳೆಯ ಮನೆಯ ಮಣ್ಣಿನ ಗೋಡೆ ಕಳೆದ ಮಳೆಗಾಲದಲ್ಲಿ ಬಿರುಕು ಬಿಟ್ಟಿತು. ಕೆಡವಿ ಕಟ್ಟುತ್ತಿದ್ದೇವೆ. ಬಾಗಿಲುವಾಡವನ್ನು ನೋಡಿದ ಬಡಗಿ, ‘ಇದು ಗಿಡ್ಡ ಆಗ್ತದೆ ಸ್ವಾಮಿ, ಹೊಸದು ಮಾಡಿಸಿಬುಡಿ’ ಎಂದರು. ಬುಡಕ್ಕೆ ಒಂದೊಂದು ಗೇಣು ಮರ ಕೂಡಿಸಿ ಎತ್ತರ ಮಾಡಲು ಆಗುತ್ತದೆಯೇ ಎಂದು ಕೇಳಿದೆ. ಅವರು ಕೊಯ್ದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಮರ ಇನ್ನೂ ಗಟ್ಟಿಯಾಗಿದೆ, ಕೂಡಿಸಬಹುದು ಎಂದರು. ಕೂಡಿಸುವ ತುಂಡಿನ ಮೇಲೆ ಬಳ್ಳಿ ಕೆತ್ತುವುದು ಬೇಡ ಎಂದು ಹೇಳಿದ್ದೇನೆ. ಆಷಾಢ ಕಳೆದ ಮೇಲೆ ಬಾಗಿಲು ಇಡುವ ಪೂಜೆ.