ಡಿಟೆಕ್ಟರ್ ಕೂಗುವಷ್ಟರಲ್ಲಿ ಫೋಟೋ ಬಿದ್ದಿರುತ್ತದೆ

ನಿಪ್ಪಾಣಿ, ಸಂಕೇಶ್ವರ, ಬೆಳಗಾವಿ, ಕಿತ್ತೂರು ಎಂದು ಹೆದ್ದಾರಿ 48ರಲ್ಲಿ ದಿನಾ ಓಡಾಡುವ ಮಂದಿಯದು ಒಂದೇ ಪ್ರಶ್ನೆ. ವೇಗ ಅಳೆಯುವ ಅಲೆ ಬಿದ್ದರೆ ಬೀಪ್ ಮಾಡುವ, ಆನ್‌ಲೈನಿನಲ್ಲಿ ಸಿಗುವ ರೇಡಾರ್ ಡಿಟೆಕ್ಟರ್ ಹಾಕಿಸಿದರೆ ಪೊಲೀಸರ ವೇಗ ಅಳೆಯುವ ಇಂಟರ್‌ಸೆಪ್ಟರ್ ಗಾಡಿ ನಿಂತಿರುವುದು ಮೊದಲೇ ಗೊತ್ತಾಗುತ್ತದೆಯೇ? ಗೊತ್ತಾಗುತ್ತದೆ, ಆದರೆ ವೇಗ ಅಳೆದು ಮುಗಿದ ಮೇಲೆ.

ಡಬ್ಬಿಯ ಮೇಲೆ ಎಕ್ಸ್, ಕೆ, ಕೆಎ, ಲೇಸರ್ ಎಂದು ಬರೆದಿರುತ್ತದೆ. (ಈ ಕೆಎ ನಮ್ಮ ನಂಬರ್ ಪ್ಲೇಟಿನ ಕೆಎ ಅಲ್ಲ.) ಎಕ್ಸ್ ಎಂದರೆ 10.525 ಗಿಗಾಹರ್ಟ್ಸ್, ಕೆ ಎಂದರೆ 24.150ರ ಆಸುಪಾಸು, ಕೆಎ 33.4ರಿಂದ 36ರವರೆಗೆ. ಇವು ಅಮೆರಿಕದ ಪೊಲೀಸರು ವೇಗ ಅಳೆಯುವ ರೇಡಾರ್ ಗನ್‌ಗಳ ತರಂಗಗಳು. ರೇಡಾರ್ ಅಲೆ ಟಾರ್ಚಿನ ಬೆಳಕಿನ ಹಾಗೆ ಅಗಲವಾಗಿ ಹರಡುತ್ತದೆ. ಗನ್‌ಗಾದರೆ ಅಲೆ ಹೋಗಿ, ಗಾಡಿಗೆ ಬಡಿದು, ವಾಪಸ್ ಬರಬೇಕು. ಡಿಟೆಕ್ಟರ್‌ಗೆ ಹೋಗುವ ಅಲೆಯೇ ಸಾಕು. ಹಾಗಾಗಿ ಗನ್ ಸದಾ ಚಾಲೂ ಇಟ್ಟ ಕಡೆ ಡಿಟೆಕ್ಟರ್ ಬಹಳ ದೂರದಿಂದಲೇ ಕೂಗುತ್ತದೆ. ವರ್ಜೀನಿಯಾದಲ್ಲಿ ಅದನ್ನು ನಿಷೇಧಿಸಿರುವುದು ಸುಮ್ಮನೆ ಅಲ್ಲ. ಆದರೆ ಅಲ್ಲಿಯ ಪೊಲೀಸರೂ ಜಾಣರು: ಗಾಡಿ ಹತ್ತಿರ ಬಂದ ಮೇಲಷ್ಟೇ ಗುಂಡಿ ಒತ್ತುತ್ತಾರೆ. ಆಗ ಮುಂದಿನ ಗಾಡಿಗೆ ಗುರಿ ಇಟ್ಟಾಗ ಸೋರಿದ ಅಲೆ ಸಿಕ್ಕರೆ ಪುಣ್ಯ, ಖಾಲಿ ರಸ್ತೆಯಲ್ಲಿ ಅದೂ ಇಲ್ಲ.

ನಮ್ಮ ಇಂಟರ್‌ಸೆಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಲೇಸರ್ ಗನ್. ಕಣ್ಣಿಗೆ ಕಾಣದ, ಸುಮಾರು 905 ನ್ಯಾನೊಮೀಟರ್ ಬೆಳಕು. ಇದು ಹರಡುವುದು 3 ಮಿಲಿರೇಡಿಯನ್ ಮಾತ್ರ, ಅಂದರೆ 300 ಮೀಟರ್ ದೂರದಲ್ಲಿ ಸುಮಾರು 90 ಸೆಂಟಿಮೀಟರಿನ ಒಂದು ಚುಕ್ಕೆ. ಸಿಬ್ಬಂದಿ ಗುರಿ ಇಡುವುದು ನಂಬರ್ ಪ್ಲೇಟಿಗೆ, ಬೆಳಕು ಚೆನ್ನಾಗಿ ವಾಪಸ್ ಬರುವುದು ಅಲ್ಲಿಂದಲೇ. ಪ್ಲೇಟು ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದ್ದರೆ ಚುಕ್ಕೆಯ ಮೇಲಂಚು 95 ಸೆಂಟಿಮೀಟರಿಗೆ ಬರುತ್ತದೆ. ಗಾಜಿಗೆ ಅಂಟಿಸಿದ ಡಿಟೆಕ್ಟರ್ ಅದಕ್ಕಿಂತ ಮೇಲೆ ಕೂತಿರುತ್ತದೆ. ಎಷ್ಟೋ ಸಲ ಅದಕ್ಕೆ ಬೆಳಕು ಬೀಳುವುದೇ ಇಲ್ಲ.

ಬಿತ್ತು ಅಂತಲೇ ಇಟ್ಟುಕೊಳ್ಳಿ. ಗನ್‌ಗೆ ಬೇಕಾದದ್ದು ಅರ್ಧ ಸೆಕೆಂಡಿಗಿಂತ ಕಡಿಮೆ. 100ರ ವೇಗದಲ್ಲಿ ಗಾಡಿ ಸೆಕೆಂಡಿಗೆ 27.8 ಮೀಟರ್ ಓಡುತ್ತದೆ. ಬೀಪ್ ಕೇಳಿ, ಅರ್ಥವಾಗಿ, ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ 42 ಮೀಟರ್ ಹೋಯಿತು. ಅಷ್ಟರಲ್ಲಿ ಫೋಟೋ ಬಿದ್ದಿರುತ್ತದೆ.

ಸುಳ್ಳು ಬೀಪ್‌ಗಳ ಕಾಟ ಬೇರೆ. ತಾನಾಗಿ ತೆರೆಯುವ ಗಾಜಿನ ಬಾಗಿಲುಗಳ ಸೆನ್ಸರ್, ಕೆಲವು ಕಾರುಗಳ ಬ್ಲೈಂಡ್ ಸ್ಪಾಟ್ ರೇಡಾರ್, ಎರಡೂ 24 ಗಿಗಾಹರ್ಟ್ಸಿನಲ್ಲೇ ಇರುತ್ತವೆ. ಅಂಥ ಕಾರು ಪಕ್ಕದ ಲೇನಿನಲ್ಲಿ ಬಂದರೆ ಅದು ದೂರ ಹೋಗುವವರೆಗೂ ಅಗ್ಗದ ಡಿಟೆಕ್ಟರ್ ಬಾಯಿ ಮುಚ್ಚುವುದಿಲ್ಲ. ನಾಲ್ಕು ದಿನಕ್ಕೆ ಬೇಸತ್ತು ಆವಾಜು ಬಂದ್ ಮಾಡುತ್ತೀರಿ. ಇನ್ನು ನಂಬರ್ ಓದಿ, ಎರಡು ಕಂಬಗಳ ನಡುವೆ ಹಿಡಿದ ಸಮಯದಿಂದ ವೇಗ ಲೆಕ್ಕ ಹಾಕುವ ಕ್ಯಾಮೆರಾ ಇದ್ದರೆ ರೇಡಾರ್ ಅಲೆಯೇ ಇಲ್ಲ, ಹಿಡಿಯುವುದೇನನ್ನು?

ಕಂಬದ ಕ್ಯಾಮೆರಾಕ್ಕೆ ಗೂಗಲ್ ಮ್ಯಾಪ್ಸ್, ಮ್ಯಾಪಲ್ಸ್ ಸಾಕು, ದುಡ್ಡೂ ಇಲ್ಲ. ಮರದ ನೆರಳಿನಲ್ಲಿ ನಿಂತ ಗಾಡಿಯನ್ನು ಯಾರಾದರೂ ಆ್ಯಪಿನಲ್ಲಿ ತಿಳಿಸಿದರಷ್ಟೇ ತೋರಿಸುತ್ತದೆ. ಕೊಲ್ಹಾರ, ಲೋಕಾಪುರದ ಕಡೆ ಅದಕ್ಕಿಂತ ಎದುರಿನ ಲಾರಿಯವ ಹೊಡೆಯುವ ಡಿಪ್ಪರ್ ಹೆಚ್ಚು ಭರವಸೆಯದು. ಡಿಪ್ಪರ್ ಹೊಡೆದದ್ದು ಪೊಲೀಸರಿಗಾಗಿಯೋ, ದೀಪವಿಲ್ಲದೆ ಬರುತ್ತಿರುವ ಕಬ್ಬಿನ ಡಬಲ್ ಟ್ರೇಲರ್‌ಗಾಗಿಯೋ ಹೇಳಲಾಗದು. ಹೇಗೂ ಕಾಲು ತೆಗೆಯುವುದೇ ಸರಿ.

ಜನ ಸಿಕ್ಕಿಬೀಳುವುದು ಮಿತಿ ಗೊತ್ತಿಲ್ಲದೆ. 2018ರ ಕೇಂದ್ರದ ಅಧಿಸೂಚನೆ ಪ್ರಕಾರ ಡಿವೈಡರ್ ಇರುವ ನಾಲ್ಕು ಲೇನಿನಲ್ಲಿ ಕಾರಿಗೆ ಗರಿಷ್ಠ 100, ಬೈಕಿಗೆ 80. ಡಿವೈಡರ್ ಮುಗಿದು ಸಾದಾ ರಸ್ತೆ ಬಂತೋ, ಕಾರಿಗೆ 70, ಬೈಕಿಗೆ 60. ಬೋರ್ಡಿನಲ್ಲಿ ಇನ್ನೂ ಕಡಿಮೆ ಇದ್ದರೆ ಬೋರ್ಡೇ ಅಂತಿಮ. ಸೋಲಾಪುರದಿಂದ ವಿಜಯಪುರಕ್ಕೆ 100ರಲ್ಲಿ ಬಂದ ಕಾಲು ಸಣ್ಣ ರಸ್ತೆಗೆ ಇಳಿದರೂ 90ಕ್ಕಿಂತ ಕೆಳಗೆ ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 183ರಲ್ಲಿ ಕಾರಿಗೆ ದಂಡ 1000ದಿಂದ 2000 ರೂಪಾಯಿ. 130 ದಾಟಿದರೆ ರಾಜ್ಯದಲ್ಲಿ 2024ರ ಆಗಸ್ಟ್‌ನಿಂದ ಎಫ್‌ಐಆರ್ ಮಾಡಲು ಶುರುಮಾಡಿದ್ದಾರೆ.

ಟೈರ್ ಬದಲಿಸಿದವರು ಇನ್ನೊಂದು ಲೆಕ್ಕ ಇಟ್ಟುಕೊಳ್ಳಿ. 185/65 ಆರ್15 ತೆಗೆದು 205/65 ಆರ್15 ಹಾಕಿದರೆ ವ್ಯಾಸ 621.5 ಮಿಲಿಮೀಟರಿನಿಂದ 647.5ಕ್ಕೆ ಹೋಗುತ್ತದೆ, ಶೇ 4ರಷ್ಟು ಹೆಚ್ಚು. ಕಂಪನಿ ಮೀಟರ್ ನಿಜಕ್ಕಿಂತ ತುಸು ಹೆಚ್ಚೇ ತೋರಿಸುತ್ತದೆ. ಆ ಅಂತರವನ್ನು ದೊಡ್ಡ ಟೈರು ತಿಂದುಬಿಡುತ್ತದೆ. ಜಿಪಿಎಸ್ ವೇಗಕ್ಕೆ ಒಮ್ಮೆ ತಾಳೆ ಹಾಕಿ. ಗನ್ ಓರೆಯಾಗಿ ಹಿಡಿದಿದ್ದರಿಂದ ಹೆಚ್ಚು ತೋರಿಸಿತು ಎಂಬ ವಾದ ಮಾತ್ರ ನಿಲ್ಲುವುದಿಲ್ಲ. ಓರೆಯಾದಷ್ಟೂ ಗನ್ ಕಡಿಮೆಯೇ ತೋರಿಸುತ್ತದೆ: 20 ಡಿಗ್ರಿಯಲ್ಲಿ 100 ಇದ್ದದ್ದು 94.

ತಕರಾರು ತೆಗೆಯಲು ಜಾಗ ಇರುವುದು ಚಲನ್‌ನಲ್ಲಿ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ ಸೇರಿಸಿದ 167ಎ ನಿಯಮದ ಪ್ರಕಾರ ವೇಗ ಅಳೆಯುವ ಯಂತ್ರಕ್ಕೆ ಪ್ರತಿ ವರ್ಷ ನವೀಕರಿಸಿದ ಪ್ರಮಾಣಪತ್ರ ಇರಬೇಕು. ನೋಟಿಸಿನ ಜೊತೆ ಪ್ಲೇಟು ಸ್ಪಷ್ಟವಾಗಿ ಕಾಣುವ ಫೋಟೋ, ಅಳೆದ ವೇಗ, ಸ್ಥಳ, ದಿನಾಂಕ, ಸಮಯ ಬೇಕು. ಫೋಟೋ ದೊಡ್ಡದು ಮಾಡಿ ಮೊದಲು ನಂಬರ್ ನೋಡಿ. ಧೂಳು ಕೂತ ಪ್ಲೇಟಿನಲ್ಲಿ 3 ಮತ್ತು 8 ಒಂದೇ ಥರ ಕಾಣುತ್ತವೆ; ಚಿಕ್ಕೋಡಿಯ ಕೆಎ 23ರ ದಂಡ ವಿಜಯಪುರದ ಕೆಎ 28ರವರ ಮನೆಗೆ ಬರಲು ಅಷ್ಟು ಸಾಕು.