32 ಪಟ್ಟು ಏರಿದ ಫಾಸ್, ಒಂದ್ ಕೇಜಿ ಕುಂದಾ

ಬೆಳಗಾವಿ ಮಳಿ ಜುಲೈದಾಗ ಹಿಡೀತಂದ್ರ ಬಿಡೂದಿಲ್ಲ, ಅಂಥಾ ಮಳ್ಯಾಗ ನಾನು ಖಡೇಬಜಾರ್ದಾಗ ಛತ್ರಿ ಹಿಡ್ಕೊಂಡ್ ನಿಂತು ಒಂದ್ ಕೇಜಿ ಕುಂದಾ ಕಟ್ಟಿಸ್ಕೊಂಡು ಲ್ಯಾಬಿಗೆ ಹೋಗಿದ್ನಿ. ಯಾಕಂದ್ರ ಹಿಂದಿನ ರಾತ್ರಿ ನನ್ನ ಪ್ರಯೋಗದಾಗ ಫಾಸ್ ಅನ್ನೂ ಜೀನಿನ ಚಟುವಟಿಕಿ 32 ಪಟ್ಟು ಏರಿತ್ತು. ಮೂರ್ ವರ್ಷ ಆತು, ಆ ಡಬ್ಬಿ ನೆನಪಾದ್ರ ಈಗ್ಲೂ ಮಾರಿ ಬಿಸಿ ಆಗ್ತೈತಿ.

ಕೆಲಸ ಏನಂದ್ರ ಎ549 ಅನ್ನೂ ಸೆಲ್ಸಿಗೆ ಇಜಿಎಫ್ (ಸೆಲ್ಸಿಗೆ ಬೆಳೀರಿ ಅಂತ ಹೇಳೂ ಗ್ರೋತ್ ಫ್ಯಾಕ್ಟರ್ ಪ್ರೋಟೀನು) ಕೊಟ್ಟು ಯಾವ ಜೀನ್ ಎಷ್ಟೊತ್ತಿಗೆ ಏಳ್ತಾವ ಅಂತ ನೋಡೂದು. ಈ ಸೆಲ್ಸು 1972ರಾಗ 58 ವರ್ಷದ ಒಬ್ಬ ಮನಶ್ಯಾನ ಪುಪ್ಪಸದ ಕ್ಯಾನ್ಸರ್ ಗಡ್ಡಿಯಿಂದ ಬೆಳೆಸಿದ್ದು. ಅಂವ ಯಾರೋ ಏನೋ, ಅವನ ಸೆಲ್ಸ್ ಮಾತ್ರ ಇಲ್ಲೆ ನಮ್ಮ ಇನ್‌ಕ್ಯುಬೇಟರ್ನಾಗ ಕುಂತು ಎರಡ್ ದಿನಕ್ಕೊಮ್ಮೆ ಊಟ ಕೇಳ್ತಾವು, ಐತವಾರನೂ ಬಿಡೂದಿಲ್ಲ, ಗಣಪತಿ ಹಬ್ಬಾನೂ ಬಿಡೂದಿಲ್ಲ.

ಇಜಿಎಫ್ ಬರಾಕ ನಾಲ್ಕ್ ತಿಂಗಳು ಹಿಡೀತು. ಮೂರ್ ಕೊಟೇಶನ್, ಕಂಪ್ಯಾರಿಟಿವ್ ಸ್ಟೇಟ್ಮೆಂಟ್, ಅದರ ಮ್ಯಾಲೊಂದು ಸಹಿ, ಸಹಿ ಮಾಡೋರು ರಜಾ. ಕಡೀಕ ಬಂದ ದಿನ ಸ್ಟೋರ್ ಕಾಕಾ ವಯಲ್ ಬೆಳಕಿಗೆ ಹಿಡ್ದು ನೋಡಿ "ಖಾಲಿ ಬಾಟ್ಲಿ ಕಳಸ್ಯಾರಲ್ರಿ ಬಾಯಾರ, ವಾಪಸ್ ಹಾಕ್ತೀನಿ" ಅಂತ ಗೇಟ್‌ಪಾಸ್ ಬರಿಯಾಕ ಕುಂತಿದ್ರು. ನೂರ್ ಮೈಕ್ರೋಗ್ರಾಮ್ ಲಯೋಫಿಲೈಸ್ಡ್, ಅಂದ್ರ ಥಂಡಿಯಾಗ ಒಣಗಿಸಿದ ಪ್ರೋಟೀನು ಕಣ್ಣಿಗೆ ಎಲ್ಲಿ ಕಾಣಬೇಕು! ಓಡಿ ಹೋಗಿ ಕೈಯಿಂದ ಕಸ್ಕೊಂಡ್ ಬಂದ್ನಿ.

ಆವತ್ತು 24 ತಾಸು ಸ್ಟಾರ್ವ್ ಮಾಡಿದ, ಅಂದ್ರ ಸೀರಮ್ ಇಲ್ಲದ ಮೀಡಿಯಾದಾಗ (ಸೆಲ್ಸ್ ಬೆಳಿಯೂ ದ್ರಾವಣ) ಉಪಾಸ ಇಟ್ಟ ಪ್ಲೇಟು. ಹೊಸಾ ಸೀರಮ್-ಫ್ರೀ ಮೀಡಿಯಾದಾಗ ಎಂಎಲ್‌ಗೆ 50 ನ್ಯಾನೋಗ್ರಾಮ್ ಲೆಕ್ಕಕ್ಕ ಇಜಿಎಫ್ ಕಲಸಿ, ಹಳೇ ಮೀಡಿಯಾ ಜಗ್ಗಿ ತಗದು ಇದನ್ನ ಹಾಕಿ, ಟೈಮರ್ 30 ನಿಮಿಷಕ್ಕ ಒತ್ತಿದ್ನಿ. 22ನೇ ನಿಮಿಷಕ್ಕ ಕರೆಂಟ್ ಹೋತು. ಯುಪಿಎಸ್ ಇರೂದು ಪಿಸಿಆರ್ ಮಷೀನಿಗಷ್ಟ, ಜನರೇಟರ್ ಕೀಲಿ ಇದ್ದ ಮನಶ್ಯಾ ಚಾ ಕುಡಿಯಾಕ ಹೋಗ್ಯಾನ, ಫೋನ್ ಎತ್ತವಲ್ಲ. ಫಾಸ್ ಅಂದ್ರ ಅರ್ಧ ತಾಸಿಗೆ ತುದಿ ಮುಟ್ಟಿ ಎರಡ್ ತಾಸಿನೊಳಗ ನೆಲಕ್ಕ ಬೀಳೂ ಜೀನು, ಅದು ಯಾರ ಚಾಕೂ ಕಾಯೂದಿಲ್ಲ. ಎಮ್ಮೆಸ್ಸಿ ಡಿಸರ್ಟೇಶನ್ ಹುಡ್ಗನ ಕೈಯಾಗ ಮೊಬೈಲ್ ಟಾರ್ಚ್ ಕೊಟ್ಟು, ವಿಷದ ಹೊಗಿ ಜಗ್ಗೂ ಫ್ಯೂಮ್ ಹುಡ್ ಬಂದ್ ಬಿದ್ದಿದ್ರೂ ಕಿಟಕಿ ತಗದು, ಸೆಲ್ಸ್ ಒಡದು ಆರ್‌ಎನ್‌ಎ ತಗ್ಯಾಕ ಬೇಕಾದ ಟ್ರೈಜಾಲ್ ಹಾಕಿದ್ನಿ. ಹಂಗ ಮಾಡಬಾರ್ದು, ಗೊತ್ತೈತಿ. 30 ನಿಮಿಷ 10 ಸೆಕೆಂಡ್! ಆ ಹತ್ತ್ ಸೆಕೆಂಡಿನ ಬಗ್ಗೆ ಎಷ್ಟು ಹೆಮ್ಮಿ ಇತ್ತಂದ್ರ, ಹೋಲಿಸಿ ನೋಡಾಕಂತ ಇಜಿಎಫ್ ಕೊಡದೆ ಇಟ್ಟ ಕಂಟ್ರೋಲ್ ಪ್ಲೇಟು ನಿನ್ನೆಯಿಂದ ಅದ ಮೀಡಿಯಾದಾಗ ತಣ್ಣಗ ಕುಂತೈತಿ ಅನ್ನೂದು ತಲಿಗೆ ಬರ್ಲೇ ಇಲ್ಲ.

ರಾತ್ರಿ ಪಿಸಿಆರ್ ರನ್ ಮುಗೀತು, ಯಾವ ಜೀನ್ ಎಷ್ಟನೇ ಸೈಕಲ್ಲಿಗೆ ಕಾಣ್ತು ಅನ್ನೂ ಲೆಕ್ಕ ಬಂತು. ಹೆಚ್ಚುಕಮ್ಮಿ ಆಗಬಾರದ, ಅಳತಿಗೆ ಇಟ್ಟ ಜೀನ್ ಜಿಎಪಿಡಿಎಚ್ ಎರಡರಾಗೂ 17. ಫಾಸ್ ಕಂಟ್ರೋಲ್ದಾಗ 29, ಇಜಿಎಫ್ ಕೊಟ್ಟಿದ್ರಾಗ 24. ಐದ್ ಸೈಕಲ್ ಮುಂಚೆ, ಸೈಕಲ್ಲಿಗೊಮ್ಮೆ ದುಪ್ಪಟ್ಟು, ಅಂದ್ರ 32 ಪಟ್ಟು. ಮೆಲ್ಟ್ ಕರ್ವ್ ಒಂದ ಪೀಕು, ಅಂದ್ರ ಬ್ಯಾರೆ ತುಣುಕು ಬೆಳದಿಲ್ಲ; ಸ್ಯಾಂಪಲ್ ಹಾಕದ ಎನ್‌ಟಿಸಿ ವೆಲ್ಲೂ ಸ್ವಚ್ಛ. ಮ್ಯಾಡಮ್ನೋರಿಗೆ ರಾತ್ರಿ ಹನ್ನೊಂದಕ್ಕ ವಾಟ್ಸಾಪ್ ಮಾಡಿದ್ನಿ, ಅವ್ರು ಅದನ್ನ ಹಂಗ ಆರ್ ತಿಂಗಳ ರಿಪೋರ್ಟಿಗೆ ಸೇರಿಸಿ ಕಳಿಸೇ ಬಿಟ್ರು.

ಲ್ಯಾಬ್ ಮೀಟಿಂಗ್ದಾಗ ಎಲ್ಲಾರ ಬಾಯಾಗೂ ಕುಂದಾ. ನಾಲ್ಕನೇ ಸ್ಲೈಡಿಗೆ ಆ ಟಾರ್ಚ್ ಹುಡ್ಗ ಕೈ ಎತ್ತಿದ.

"ಅಕ್ಕಾರ, ಕಂಟ್ರೋಲಿಗೂ ಮೀಡಿಯಾ ಚೇಂಜ್ ಮಾಡಿದ್ರ್ಯಾ?"

"ಕಂಟ್ರೋಲ್ ಅಂದ್ರ ಏನೂ ಮಾಡದೆ ಇರೂದೋ ತಮ್ಮಾ," ಅಂದ್ನಿ. ನಕ್ಕೋತ ಅಂದ್ನಿ, ಅದ ಈಗ ಚುಚ್ಚೂದು. ಅಷ್ಟಕ್ಕ ಬಿಡ್ಲಿಲ್ಲ, 1984ರಾಗ ಗ್ರೀನ್‌ಬರ್ಗ್, ಜಿಫ್ ಅನ್ನೂ ಇಬ್ರು ವಿಜ್ಞಾನಿಗಳು 3ಟಿ3 ಅನ್ನೂ ಇಲಿ ಸೆಲ್ಸಿನಾಗ ಗ್ರೋತ್ ಫ್ಯಾಕ್ಟರಿಗೆ ನಿಮಿಷದೊಳಗ ಫಾಸ್ ಏಳ್ತೈತಿ ಅಂತ ತೋರಿಸ್ಯಾರ, ಓದ್ಕೊಂಡ್ ಬಾ ಅಂತ ಉಪದೇಶ ಬ್ಯಾರೆ.

"ಓದೀನ್ರಿ. ಆದ್ರ ಬರೇ ಮೀಡಿಯಾ ಬದಲಿಸಿದ್ರೂ ಏಳ್ತೈತಲ್ರಿ ಫಾಸ್, ಅದಕ್ಕ ಕೇಳಿದ್ನಿ."

ಮ್ಯಾಡಮ್ನೋರು ಚಮಚಾ ಪ್ಲೇಟಿನ್ಯಾಗ ಇಟ್ರು. ಯಾರೂ ಮಾತಾಡವಲ್ರು, ಹೊರಗ ಮಳಿ ಸಪ್ಪಳಷ್ಟ. "ಬೆಳವಣಿಗಿ ಸ್ವಿಚ್ ಆದ ಕೆ-ರಾಸ್ ಜೀನ್ ಕೆಟ್ಟ ಸೆಲ್ಸ್ ಇವು, ಒಲಿ ಮೊದ್ಲ ಹತ್ತಿರ್ತೈತಿ, 32 ಅಂದಾಗ ನನಗೂ ಸಂಶೆ ಬರಬೇಕಿತ್ತು," ಅಂದ್ರು. ಆಮ್ಯಾಲ ನನ್ನ ಕಡೆ ತಿರುಗಿ, "ಅವನ ಪ್ರಶ್ನೆಗೆ ಉತ್ತರಾ ಕೊಡವಾ." ನನ್ನ ಹತ್ರ ಇರ್ಲಿಲ್ಲ.

ಮತ್ತ ಮಾಡಿದ್ನಿ. ಈ ಸಲ ಮೀಡಿಯಾ ಬದಲಿಸಿ, ಇಜಿಎಫ್ ಬಿಟ್ಟು ಬರೇ ಪಿಬಿಎಸ್-ಬಿಎಸ್‌ಎ (ಇಜಿಎಫ್ ಕರಗಿಸೂ ದ್ರಾವಣ) ಹಾಕಿದ ಒಂದು ಸೆಟ್ಟು ಜೋಡಿಗಿತ್ತು. ಅದರಾಗ ಫಾಸ್ 25. ಅಂದ್ರ ನನ್ನ 32ರಾಗ 16 ಪಟ್ಟು ನನ್ನ ಪಿಪೆಟ್ಟಿಂದು, ಇಜಿಎಫ್ ಪಾಲಿಗೆ ಬಂದಿದ್ದು ಎರಡ ಪಟ್ಟು. ಪ್ರೈಮರ್ ಉಳಿದೈತಿ ಅಂತ ಪ್ಲೇಟಿನ ಕಡೇ ಕಾಲಮ್ಮಿಗೆ ಸುಮ್ಮ ಹಾಕಿದ್ದ ಡಸ್ಪ್6 ಅನ್ನೂ ಇನ್ನೊಂದು ಜೀನ್ ಮಾತ್ರ ಮೀಡಿಯಾ ಬದಲಿಸಿದ್ದಕ್ಕ ಅಲ್ಲಾಡಲಿಲ್ಲ, ಇಜಿಎಫ್ ಕೊಟ್ಟು ಒಂದ್ ತಾಸಿಗೆ ನಾಲ್ಕ್ ಪಟ್ಟು ಏರಿತು. ಈಗ ನಾನು ಮೀಡಿಯಾ ಬದಲಿಸೂದ ಇಲ್ಲ, ಗಟ್ಟಿ ಸ್ಟಾಕ್ ಮಾಡ್ಕೊಂಡು ಎರಡ್ ಎಂಎಲ್ ವೆಲ್ಲಿಗೆ 20 ಮೈಕ್ರೋಲೀಟರ್ ಹಾಕೂದು, ಕಂಟ್ರೋಲಿಗೂ ಅದ 20, ಬರೇ ಪಿಬಿಎಸ್-ಬಿಎಸ್‌ಎ. ಟೈಮ್ ಪಾಯಿಂಟಿಗೊಂದು ಬ್ಯಾರೆ ಪ್ಲೇಟು, ಒಂದನ್ನ ತಗ್ಯಾಕ ಹೋಗಿ ಉಳಿದವ್ನ ಅಲ್ಲಾಡಿಸಬಾರ್ದಂತ. ಪ್ಲೇಟು ಜಾಸ್ತಿ ಖರ್ಚಾಗ್ತಾವು ಅಂತ ಸ್ಟೋರಿನ್ಯಾಗ ಬೈತಾರ, ಬೈಲಿ.

ರಿಪೋರ್ಟ್ ತಿದ್ದೂದು ಬ್ಯಾರೆ ಕತಿ. ಪೋರ್ಟಲ್ದಾಗ ತಿದ್ದುಪಡಿಗೆ ಕಾರಣ ಅಂತ ಒಂದು ಡ್ರಾಪ್‌ಡೌನ್ ಬರ್ತೈತಿ, ಉಪಕರಣ ದೋಷ, ಸಾಮಗ್ರಿ ವಿಳಂಬ, ಸಿಬ್ಬಂದಿ ಕೊರತೆ. ನನ್ನ ತಪ್ಪು ಅನ್ನೂದಕ್ಕ ಕಾಲಮ್ಮ ಇಲ್ಲ. "ಇತರೆ" ಒತ್ತಿ ಎರಡ್ ಸಾಲು ಬರದ್ನಿ, ನೂರ್ ಅಕ್ಷರ ದಾಟಬಾರ್ದಂತ ವಾಪಸ್ ಬಂತು.

ಆ ವಯಲ್ ಹೋದ ತಿಂಗಳು ಮುಗೀತು. ಹೊಸಾದಕ್ಕ ಮತ್ತ ಮೂರ್ ಕೊಟೇಶನ್ ಹಾಕೀನಿ, ಫೈಲು ಅಕೌಂಟ್ಸ್‌ದಾಗ ಐತಿ.